ಜರ್ಮನಿ ನರ್ಸ್ ಕೆಲ್ಸಕ್ಕೆ 6 ಲಕ್ಷ ಕೇಳ್ತಿದಾರೆ, ತೋಟ ಅಡ ಇಡಬಹುದಾ?

ಪ್ರಶ್ನೆ: ಸರ್ ನಮಸ್ತೆ. ನಾನು ಶ್ರೀನಿವಾಸಪುರ ತಾಲೂಕಿನವಳು, 27 ವರ್ಷ. ಬಿಎಸ್ಸಿ ನರ್ಸಿಂಗ್ ಮುಗಿಸಿ ಕೋಲಾರದಲ್ಲಿ ಒಂದು ಆಸ್ಪತ್ರೇಲಿ ನಾಲ್ಕು ವರ್ಷದಿಂದ ಕೆಲ್ಸ ಮಾಡ್ತಿದೀನಿ, ಸಂಬಳ 22 ಸಾವಿರ. ಮದ್ವೆ ಆಗಿದೆ, ಮೂರು ವರ್ಷದ ಮಗು ಇದೆ, ನಮ್ಮನೆಯವ್ರು ಟೊಮೇಟೊ ಮಂಡೀಲಿ ಲೆಕ್ಕ ಬರೀತಾರೆ. ಬೆಂಗಳೂರಲ್ಲಿ ಒಂದು ಕನ್ಸಲ್ಟೆನ್ಸಿಯವ್ರು ಜರ್ಮನಿಗೆ ಕಳಿಸ್ತೀವಿ, ಎರಡು ತಿಂಗ್ಳಲ್ಲಿ ವೀಸಾ ಗ್ಯಾರಂಟಿ, ಭಾಷೆ ಅಲ್ಲಿಗೆ ಹೋಗಿ ಕಲೀಬಹುದು ಅಂತಾರೆ. ಒಟ್ಟು 6 ಲಕ್ಷ, ಮೊದ್ಲು 3 ಲಕ್ಷ ಕಟ್ಬೇಕಂತೆ, ಜೊತೆಗೆ ಪಾಸ್‌ಪೋರ್ಟು ಮಾರ್ಕ್ಸ್ ಕಾರ್ಡು ಎಲ್ಲಾ ಒರಿಜಿನಲ್ ಕೊಡ್ಬೇಕಂತೆ. ರಿಜಿಸ್ಟ್ರೇಷನ್‌ಗೆ ಅಂತ 25 ಸಾವಿರ ಆಗ್ಲೇ ಫೋನ್‌ಪೇ ಮಾಡಿದೀವಿ. ನಮ್ಮಪ್ಪ ಒಂದೂವರೆ ಎಕರೆ ಮಾವಿನ ತೋಟ ಅಡ ಇಡೋಕೆ ರೆಡಿ ಇದಾರೆ. ನನ್ನ ಫ್ರೆಂಡು ಯುಕೆ ಕೇರ್ ವೀಸಾ ಇನ್ನೂ ಸುಲಭ ಅಂತಾಳೆ. ಯಾವ್ದು ನಂಬ್ಲಿ? ಅಲ್ಲೇ ಪರ್ಮನೆಂಟ್ ಆಗಿ ಇರ್ಬಹುದಾ? ಗಂಡ ಮಗೂನ ಯಾವಾಗ ಕರ್ಕೋಬಹುದು?

ಉತ್ತರ: ನೋಡಮ್ಮ, ತೋಟದ ವಿಷಯ ಮೊದ್ಲು ಹೇಳಿಬಿಡ್ತೀನಿ. ಅಡ ಇಡಬೇಡಿ. ಜರ್ಮನಿಗೆ ಹೋಗ್ಬೇಡಿ ಅಂತ ಹೇಳ್ತಿಲ್ಲ, ನಿಮ್ಮ ಓದು, ವಯಸ್ಸು, ಅನುಭವ ಮೂರೂ ಆ ದೇಶಕ್ಕೆ ಚೆನ್ನಾಗಿ ಹೊಂದುತ್ತೆ, ನೀವು ಹೋಗಿ ನೆಲೆ ನಿಲ್ಲೋ ಸಾಧ್ಯತೆ ಚೆನ್ನಾಗೇ ಇದೆ. ಆದ್ರೆ ಆ ಕನ್ಸಲ್ಟೆನ್ಸಿಯವ್ರು ನಿಮಗೆ ಹೇಳಿರೋ ಹೆಜ್ಜೆಗಳ ಕ್ರಮ ಪೂರ್ತಿ ಉಲ್ಟಾ ಇದೆ. ದುಡ್ಡು ಮೊದ್ಲು, ವೀಸಾ ಆಮೇಲೆ, ಭಾಷೆ ಕೊನೆಗೆ ಅಂತಿದಾರೆ. ನಿಜವಾದ ದಾರೀಲಿ ಭಾಷೆ ಮೊದ್ಲು, ಆಮೇಲೆ ನಿಮ್ಮ ಡಿಗ್ರಿಗೆ ಮಾನ್ಯತೆ, ಆಮೇಲೆ ಕೆಲ್ಸದ ಕಾಂಟ್ರ್ಯಾಕ್ಟು, ವೀಸಾ ಎಲ್ಲಕ್ಕಿಂತ ಕೊನೇದು. ನಿಮ್ಮ ಕಡೆ ಹೂವು ಬಿಟ್ಟಾಗಲೇ ತೋಟ ಗುತ್ತಿಗೆ ಹಿಡಿಯೋ ವ್ಯಾಪಾರಿ ಕೂಡ ಮರ ನೋಡಿ ತಾನೇ ಅಡ್ವಾನ್ಸ್ ಕೊಡೋದು, ಇವ್ರು ಮರಾನೇ ತೋರಿಸ್ದೆ 3 ಲಕ್ಷ ಕೇಳ್ತಿದಾರೆ.

ಇನ್ನೊಂದು ವಿಷ್ಯ. ವೀಸಾ ಗ್ಯಾರಂಟಿ ಅನ್ನೋ ಮಾತು ಯಾರ ಬಾಯಲ್ಲಿ ಬಂದ್ರೂ ನಂಬಬೇಡಿ. ವೀಸಾ ಕೊಡೋದು ಕಾನ್ಸುಲೇಟು, ಕರ್ನಾಟಕದವ್ರಿಗೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟು. ಅದರ ಫೀಸು 75 ಯೂರೋ. ಅಷ್ಟೇ. ಮಿಕ್ಕ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ನಿಮ್ಮಪ್ಪನ್ನೇ ಅವ್ರ ಆಫೀಸಿಗೆ ಕರ್ಕೊಂಡು ಹೋಗಿ ಕೇಳಿಸಿ, ಬಿಡಿಬಿಡಿಯಾಗಿ ಲೆಟರ್‌ಹೆಡ್ ಮೇಲೆ ಬರ್ದು ಕೊಡಿ ಅನ್ನಿ. ನಾನು ನೋಡಿರೋ ಮಟ್ಟಿಗೆ ಇಂಥವ್ರು ಬರ್ದು ಕೊಡೋದು ಕಮ್ಮಿ, ಕೊಟ್ರೂ ಪ್ರೊಸೆಸಿಂಗ್ ಚಾರ್ಜು ಅಂತ ಒಂದೇ ಸಾಲು ಬರೀತಾರೆ.

ಈಗ ವಾಟ್ಸಾಪಲ್ಲಿ ಓಡಾಡ್ತಿರೋ ಆ 90 ಸಾವಿರ ವೀಸಾ ಮಾತು. ಅದು ಸುಳ್ಳಲ್ಲ. ಭಾರತದ ಸ್ಕಿಲ್ಡ್ ವರ್ಕರ್‌ಗಳಿಗೆ ವರ್ಷಕ್ಕೆ 20 ಸಾವಿರ ಇದ್ದ ವೀಸಾನ 90 ಸಾವಿರಕ್ಕೆ ಏರಿಸ್ತೀವಿ ಅಂತ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳ್ತು. ಆದ್ರೆ ಅದ್ರಿಂದ ಅರ್ಹತೆ ಏನೂ ಸಡಿಲ ಆಗಿಲ್ಲ. ಸೀಟು ಜಾಸ್ತಿ ಆಯ್ತು ಅಂತ ಪರೀಕ್ಷೆ ಇಲ್ದೆ ಪಾಸ್ ಮಾಡಲ್ಲ ತಾನೇ, ಆದ್ರೂ ಏಜೆಂಟ್‌ಗಳು ಅದೇ ಪೇಪರ್ ಕಟಿಂಗ್ ತೋರಿಸಿ ಈಗ ಬಿಟ್ರೆ ಮತ್ತೆ ಸಿಗಲ್ಲ ಅಂತ ಅವಸರ ಮಾಡಿಸ್ತಾರೆ. ಅವಸರ ಇರೋದು ಅವ್ರಿಗೆ. ಜರ್ಮನೀಲಿ ನರ್ಸ್‌ಗಳ ಕೊರತೆ ಇವತ್ತು ನಾಳೆ ಮುಗಿಯೋದಲ್ಲ, ಅಲ್ಲಿ ವಯಸ್ಸಾದವ್ರ ಸಂಖ್ಯೆ ಏರ್ತಾನೇ ಇದೆ. ನೀವು ಒಂದು ವರ್ಷ ಬಿಟ್ಟು ಹೋದ್ರೂ ಕೆಲ್ಸ ಇರುತ್ತೆ.

ಅವ್ರು ನಿಮಗೆ ಯಾವ ವೀಸಾ ಹಾಕ್ತಾರೆ ಅಂತ ಕೇಳಿದೀರಾ? ಪ್ರಶ್ನೇಲಿ ಬರ್ದಿಲ್ಲ, ಅದಕ್ಕೇ ಕೇಳ್ತಿದೀನಿ. ಭಾಷೆ ಬೇಕಿಲ್ಲ, ಎರಡು ತಿಂಗ್ಳು ಸಾಕು ಅಂದ್ರೆ ನನಗೆ ಬರೋ ಅನುಮಾನ, ಅವ್ರು ಚಾನ್ಸೆನ್‌ಕಾರ್ಟೆ ಅನ್ನೋದನ್ನ ಮಾರ್ತಿರಬಹುದು. 2024ರ ಜೂನ್‌ನಲ್ಲಿ ಶುರುವಾಗಿದ್ದು ಅದು, ಆಪರ್ಚುನಿಟಿ ಕಾರ್ಡ್ ಅಂತಾನೂ ಹೇಳ್ತಾರೆ. ಪಾಯಿಂಟ್ಸ್ ಲೆಕ್ಕದಲ್ಲಿ ಕೊಡ್ತಾರೆ, ಒಂದು ವರ್ಷ ಅಲ್ಲಿದ್ದು ಕೆಲ್ಸ ಹುಡುಕಬಹುದು, ವಾರಕ್ಕೆ 20 ಗಂಟೆ ಪಾರ್ಟ್ ಟೈಮ್ ಮಾಡಬಹುದು. ಅದು ಕೆಲ್ಸ ಹುಡುಕೋ ಪರ್ಮಿಟ್ಟು, ಕೆಲ್ಸದ ವೀಸಾ ಅಲ್ಲ, ಅದ್ರ ಮೇಲೆ ಆ ಒಂದು ವರ್ಷ ಹೊಟ್ಟೆಬಟ್ಟೆಗೆ ಬೇಕಾದ ದುಡ್ಡು ನಿಮ್ಮತ್ರ ಇದೆ ಅಂತ ಬೇರೆ ತೋರಿಸ್ಬೇಕು. ಇಂಜಿನಿಯರ್‌ಗೋ ಸಾಫ್ಟ್‌ವೇರ್‌ನವ್ರಿಗೋ ಅದ್ರಿಂದ ಉಪಯೋಗ ಇರಬಹುದು, ನರ್ಸ್‌ಗೆ ಅಷ್ಟಾಗಿ ಇಲ್ಲ, ಯಾಕಂದ್ರೆ ನರ್ಸಿಂಗ್ ಅಲ್ಲಿ ಲೈಸೆನ್ಸ್ ಇರೋ ವೃತ್ತಿ.

ಇದೇ ಇಡೀ ವಿಷ್ಯದ ಬುಡ, ಸ್ವಲ್ಪ ನಿಧಾನವಾಗಿ ಓದಿ. ಇಲ್ಲಿ ನೀವು ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಆಗಿರೋ ನರ್ಸು. ಜರ್ಮನೀಲಿ ಆ ರಿಜಿಸ್ಟ್ರೇಷನ್ ನೇರವಾಗಿ ನಡೆಯಲ್ಲ. ನೀವು ಹೋಗೋ ರಾಜ್ಯದ ಇಲಾಖೆ ನಿಮ್ಮ ಓದನ್ನ ಅವ್ರ ಓದಿನ ಜೊತೆ ಹೋಲಿಸಿ ನೋಡುತ್ತೆ. ಅವ್ರ ನರ್ಸಿಂಗ್ ಟ್ರೇನಿಂಗು ಮೂರು ವರ್ಷದ್ದು, 2100 ಗಂಟೆ ಪಾಠ, 2500 ಗಂಟೆ ಪ್ರಾಕ್ಟಿಕಲ್. ಹಾಗಾಗಿ ನಿಮ್ಮ ಯೂನಿವರ್ಸಿಟಿಯಿಂದ ಯಾವ ಸಬ್ಜೆಕ್ಟು ಎಷ್ಟು ಗಂಟೆ, ಯಾವ ವಾರ್ಡಲ್ಲಿ ಎಷ್ಟು ಗಂಟೆ ಪೋಸ್ಟಿಂಗು ಅಂತ ವಿವರ ಇರೋ ಟ್ರಾನ್ಸ್‌ಕ್ರಿಪ್ಟ್ ಬೇಕು, ಬರೀ ಮಾರ್ಕ್ಸ್ ಕಾರ್ಡ್ ಸಾಕಾಗಲ್ಲ. ನಿಮ್ಮ ನಾಲ್ಕು ವರ್ಷದ ಅನುಭವಾನೂ ಲೆಕ್ಕಕ್ಕೆ ತಗೋತಾರೆ, ಅದಕ್ಕೆ ಎಕ್ಸ್‌ಪೀರಿಯನ್ಸ್ ಲೆಟರ್‌ನಲ್ಲಿ ಬರೀ ಸ್ಟಾಫ್ ನರ್ಸ್ ಅಂತ ಹಾಕಿಸ್ಕೋಬೇಡಿ, ಐಸಿಯು ಎಷ್ಟು ತಿಂಗ್ಳು, ಮೆಡಿಕಲ್ ವಾರ್ಡ್ ಎಷ್ಟು ತಿಂಗ್ಳು ಅಂತ ಬಿಡಿಸಿ ಬರ್ಸಿ. ಎಲ್ಲಾ ನೋಡಿ ಅವ್ರು ಒಂದು ಪತ್ರ ಕೊಡ್ತಾರೆ, ನಮ್ಮವ್ರಿಗೆ ಸಾಮಾನ್ಯವಾಗಿ ಬರೋದು ಇಷ್ಟಿಷ್ಟು ಕೊರತೆ ಇದೆ ಅನ್ನೋ ಪತ್ರ, ಡೆಫಿಜಿಟ್‌ಬೆಶೈಡ್ ಅಂತಾರೆ ಅದಕ್ಕೆ. ಹೆಸರು ಕೇಳಿ ಹೆದರಬೇಡಿ, ಅದು ರಿಜೆಕ್ಷನ್ ಅಲ್ಲ, ಅಲ್ಲಿ ಹೋಗಿ ಆ ಕೊರತೆ ತುಂಬ್ಕೊಳ್ಳೋಕೆ ನಿಮಗೆ ಸಿಗೋ ದಾರಿ ಅದು. ಅದರ ಮೇಲೆನೇ ನಿಮ್ಮ ವೀಸಾ ನಿಲ್ಲುತ್ತೆ.

ಅಲ್ಲಿ ಹೋದ್ಮೇಲೆ ಎರಡು ದಾರಿ. ಒಂದು, ಆಸ್ಪತ್ರೇಲೇ ಕೆಲವು ತಿಂಗ್ಳ ಅಡಾಪ್ಟೇಷನ್ ಕೋರ್ಸು. ಇನ್ನೊಂದು, ಕೆಂಟ್ನಿಸ್‌ಪ್ರೂಫುಂಗ್ ಅನ್ನೋ ಪರೀಕ್ಷೆ, ಅದ್ರಲ್ಲಿ ಒಂದು ಭಾಗ ಬಾಯಿ ಮಾತಲ್ಲಿ, ಇನ್ನೊಂದು ಭಾಗ ವಾರ್ಡಲ್ಲಿ ನಿಜವಾದ ಪೇಷಂಟ್ ಹತ್ರ ಕೆಲ್ಸ ಮಾಡಿ ತೋರಿಸೋದು. ಎಕ್ಸಾಮಿನರ್ ಪಕ್ಕದಲ್ಲೇ ನಿಂತಿರ್ತಾರೆ, ನೀವು ಪೇಷಂಟ್‌ಗೆ ಈಗ ಏನು ಮಾಡ್ತೀನಿ ಅಂತ ಜರ್ಮನ್‌ನಲ್ಲಿ ಹೇಳ್ಬೇಕು, ಡ್ರೆಸಿಂಗೋ ಇಂಜೆಕ್ಷನ್ನೋ ಮಾಡ್ಬೇಕು, ಪ್ಲಾನ್ ಬರೀಬೇಕು, ಯಾಕೆ ಹಾಗೆ ಮಾಡಿದ್ರಿ ಅಂದ್ರೆ ಉತ್ತರ ಕೊಡ್ಬೇಕು. ಫೇಲಾದ್ರೆ ಮತ್ತೆ ಮತ್ತೆ ಬರೀತಾ ಇರೋ ಅವಕಾಶ ಇಲ್ಲ. ಕೈಕೆಲ್ಸದಲ್ಲಿ ನಮ್ಮ ಹುಡ್ಗೀರು ಸೋಲೋದು ನಾನು ನೋಡೋದೇ ಅಪರೂಪ, ಕೋಲಾರದಂಥ ಆಸ್ಪತ್ರೆ ವಾರ್ಡಲ್ಲಿ ನೈಟ್ ಡ್ಯೂಟಿ ಮಾಡಿದವ್ರಿಗೆ ಅದು ನೀರು ಕುಡ್ದಷ್ಟು ಸುಲಭ. ಸೋಲೋದು ಭಾಷೇಲಿ. ಈಗ ಹೇಳಿ, ಭಾಷೆ ಅಲ್ಲಿಗೆ ಹೋಗಿ ಕಲ್ತ್ರೆ ಆಯ್ತು ಅನ್ನೋ ಮಾತು ಎಷ್ಟು ಅಪಾಯ ಅಂತ.

ಜರ್ಮನ್ ಭಾಷೆ ಕಲಿಯೋದು ಎ1, ಎ2, ಬಿ1, ಬಿ2 ಅಂತ ಹಂತ ಹಂತವಾಗಿ, ಎ1 ಮೊದಲನೇ ಹಂತ. ಸಾಮಾನ್ಯವಾಗಿ ಈ ಮಾನ್ಯತೆ ವೀಸಾಗೆ ಬಿ1 ಕೇಳ್ತಾರೆ, ಪೂರ್ತಿ ನರ್ಸ್ ಆಗೋಕೆ ಬಿ2. ಬೆಂಗಳೂರಿನ ಇಂದಿರಾನಗರದಲ್ಲಿ ಗೋಥೆ ಇನ್‌ಸ್ಟಿಟ್ಯೂಟ್ ಇದೆ, ಮ್ಯಾಕ್ಸ್ ಮುಲ್ಲರ್ ಭವನ ಅಂತ ಕರೀತಾರಲ್ಲ ಅದೇ. ಕ್ಲಾಸು ಎಲ್ಲಾದ್ರೂ ಕಲೀರಿ, ಆನ್‌ಲೈನ್ ಆದ್ರೂ ಸರಿ, ಸರ್ಟಿಫಿಕೇಟ್ ಮಾತ್ರ ಗೋಥೆ, ಟೆಲ್ಕ್, ಓಎಸ್‌ಡಿ ಇಂಥ ಒಪ್ಪಿತ ಪರೀಕ್ಷೆದೇ ಆಗಿರ್ಲಿ. ಕನ್ಸಲ್ಟೆನ್ಸಿಯವ್ರೇ ಪ್ರಿಂಟ್ ಹಾಕಿ ಕೊಡೋ ಸರ್ಟಿಫಿಕೇಟ್ ಕಸ. ಸೊನ್ನೆಯಿಂದ ಬಿ2ಗೆ ಡ್ಯೂಟಿ ಮಾಡ್ಕೊಂಡು ಕಲೀತೀನಿ ಅಂದ್ರೆ ಒಂದು ವರ್ಷದ ಮೇಲೆನೇ ಇಟ್ಕೊಳ್ಳಿ. ಕಷ್ಟ ಅನ್ಸುತ್ತೆ ಗೊತ್ತು, ಮಗು ಮಲಗಿದ ಮೇಲೆ ಪುಸ್ತಕ ಹಿಡಿಯೋದು ಸುಮ್ನೆ ಮಾತಲ್ಲ. ಆದ್ರೆ ನಿಮ್ಮ ಕಡೆಯವ್ರು ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ವಾರ್ಡಲ್ಲಿ ತಮಿಳು ಉರ್ದು ಎಲ್ಲಾ ಮಾತಾಡ್ಕೊಂಡೇ ಬೆಳೆದವ್ರು, ಹೊಸ ಭಾಷೆಗೆ ಕಿವಿ ಒಗ್ಗಿಸ್ಕೊಳ್ಳೋದು ನಿಮಗೆ ಬೇರೆಯವ್ರಷ್ಟು ಕಷ್ಟ ಆಗಲ್ಲ ಅನ್ನೋದು ನನ್ನ ಅನುಭವ.

ಒರಿಜಿನಲ್ಸ್ ಕೊಡ್ಬೇಡಿ. ಪಾಸ್‌ಪೋರ್ಟ್ ಅಂತೂ ಕೊಡಲೇಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆ ಪ್ರಕಾರ ಅದು ಕೇಂದ್ರ ಸರ್ಕಾರದ ಆಸ್ತಿ, ಯಾವ ಖಾಸಗಿ ಆಫೀಸಿಗೂ ಅದನ್ನ ಅಡ ಇಟ್ಕೊಳ್ಳೋ ಹಕ್ಕಿಲ್ಲ. ಸ್ಕ್ಯಾನು, ಅಟೆಸ್ಟ್ ಮಾಡಿಸಿದ ಕಾಪಿ ಸಾಕು. ಒರಿಜಿನಲ್ಸ್ ಅವ್ರ ಬೀರುವಲ್ಲಿ ಇದ್ರೆ ನಾಳೆ ನೀವು ಬೇಡ ಅಂದ್ರೂ ಬಿಡಿಸ್ಕೊಳ್ಳೋಕೆ ಮತ್ತೆ ದುಡ್ಡು ಕೇಳ್ತಾರೆ, ಇಂಥ ಕೇಸು ಕೇಳಿ ಕೇಳಿ ಸಾಕಾಗಿದೆ. ಹಾಗೇನೇ ಅಪಾಸ್ಟಿಲ್ ಪ್ಯಾಕೇಜ್, ಅಂದ್ರೆ ಹೊರದೇಶದಲ್ಲಿ ನಡೆಯೋಕೆ ಅಂತ ಕಾಗದದ ಮೇಲೆ ಹಾಕಿಸೋ ಸರ್ಕಾರಿ ಮುದ್ರೆ, ಅದಕ್ಕೆ 40 ಸಾವಿರ 50 ಸಾವಿರ ಹೇಳಿದ್ರೆ ತಡೀರಿ, ಭಾರತ ಆ ಅಪಾಸ್ಟಿಲ್ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಹಾಕಿದ ದೇಶ, ಹಾಗಾಗಿ ಬೇರೆ ದೇಶಕ್ಕೆ ನಡೆಯೋ ಥರ ಅಲ್ಲಿ ನಡೆಯಲ್ಲ. ನೀವು ಹೋಗೋ ಜರ್ಮನ್ ರಾಜ್ಯದ ಮಾನ್ಯತೆ ಇಲಾಖೆ ಯಾವ ಕಾಗದ ಯಾವ ರೂಪದಲ್ಲಿ ಕೇಳಿದೆಯೋ ಅದನ್ನಷ್ಟೇ ಮಾಡ್ಸಿ.

ಕಾಗದದ ವಿಷ್ಯದಲ್ಲಿ ನಮ್ಮ ಕಡೆಯವ್ರು ಸಿಕ್ಕಿಹಾಕ್ಕೊಳ್ಳೋ ಜಾಗ ಒಂದಿದೆ, ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಮುಂದೆ ಎರಡು ಇನಿಷಿಯಲ್ಲು, ಡಿಗ್ರೀಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಆಧಾರಲ್ಲಿ ಗಂಡನ ಹೆಸರು. ಇಲ್ಲಿ ಯಾರೂ ಕೇಳಲ್ಲ, ಅಲ್ಲಿ ಕೂತಿರೋ ಆಫೀಸರ್‌ಗೆ ಇವು ನಾಲ್ಕು ಬೇರೆ ಬೇರೆ ಜನ. ನಿಮ್ಮೆಲ್ಲಾ ಕಾಗದ ಒಂದು ಟೇಬಲ್ ಮೇಲೆ ಹರಡಿ ಹೆಸರು, ಹುಟ್ಟಿದ ತಾರೀಖು, ಅಪ್ಪನ ಹೆಸರು ಅಕ್ಷರ ಅಕ್ಷರ ಹೋಲಿಸಿ. ಮೊದ್ಲು ಪಾಸ್‌ಪೋರ್ಟ್ ಸರಿ ಮಾಡ್ಕೊಳ್ಳಿ, ಆಮೇಲೆ ಮಿಕ್ಕಿದ್ದಕ್ಕೆ ಅಫಿಡವಿಟ್. ಮದ್ವೆ ರಿಜಿಸ್ಟರ್ ಆಗಿದ್ಯಾ? ಛತ್ರದಲ್ಲಿ ಮದ್ವೆ ಮಾಡಿ ಫೋಟೋ ಆಲ್ಬಮ್ ಒಂದೇ ಸಾಕ್ಷಿ ಆಗಿರೋರು ತುಂಬಾ ಜನ, ಆಗಿಲ್ಲ ಅಂದ್ರೆ ಈಗ್ಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಾಡ್ಸಿ. ಮಗೂ ಬರ್ತ್ ಸರ್ಟಿಫಿಕೇಟಲ್ಲಿ ನಿಮ್ಮಿಬ್ರ ಹೆಸರು ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಲಿ. ಫ್ಯಾಮಿಲಿ ವೀಸಾ ಟೈಮಲ್ಲಿ ಇದೊಂದಕ್ಕೇ ತಿಂಗ್ಳುಗಟ್ಲೆ ನಿಂತೋಗಿರೋ ಫೈಲುಗಳಿವೆ.

ದುಡ್ಡು ಯಾರು ಕೊಡ್ಬೇಕು? ಇದು ನಿಮಗೆ ಯಾರೂ ಹೇಳಿರಲ್ಲ. ಜರ್ಮನಿ ಸರ್ಕಾರನೇ ನರ್ಸ್ ನೇಮಕಾತಿಗೆ ಒಂದು ಮುದ್ರೆ ಇಟ್ಟಿದೆ, ಫೇರ್ ರಿಕ್ರೂಟ್‌ಮೆಂಟ್ ಸೀಲ್ ಅಂತ, ಆ ಸೀಲ್ ಇರೋ ಏಜೆನ್ಸಿ ನರ್ಸ್ ಹತ್ರ ನೇಮಕಾತಿಗೆ ಅಂತ ದುಡ್ಡು ತಗೊಳ್ಳೋ ಹಾಗಿಲ್ಲ, ಖರ್ಚು ಕೆಲ್ಸ ಕೊಡೋರದ್ದು. ಸೀಲ್ ಇರೋರ ಪಟ್ಟಿ ಆನ್‌ಲೈನಲ್ಲೇ ಸಿಗುತ್ತೆ, ಹೆಸರು ಹಾಕಿ ನೋಡಿ. ನಮ್ಮ ದೇಶದ ಕಡೆಯಿಂದ ನೋಡಿದ್ರೂ ಹೊರದೇಶಕ್ಕೆ ಜನ ಕಳಿಸೋ ಏಜೆಂಟು ವಿದೇಶಾಂಗ ಸಚಿವಾಲಯದಲ್ಲಿ ರಿಜಿಸ್ಟರ್ ಆಗಿರ್ಬೇಕು, ಇ-ಮೈಗ್ರೇಟ್ ಪೋರ್ಟಲಲ್ಲಿ ಅವ್ರ ಹೆಸರು ಇರ್ಬೇಕು, ಅಂಥವ್ರು ಕೂಡ ನಿಮ್ಮಿಂದ ತಗೋಬಹುದಾದ ಸರ್ವೀಸ್ ಚಾರ್ಜು ಜಾಸ್ತಿ ಅಂದ್ರೆ 30 ಸಾವಿರ, ಮೇಲೆ ಜಿಎಸ್‌ಟಿ. 6 ಲಕ್ಷ ಎಲ್ಲಿ, 30 ಸಾವಿರ ಎಲ್ಲಿ. ಕೇಳಿದ್ರೆ ನಾವು ರಿಕ್ರೂಟಿಂಗ್ ಅಲ್ಲ, ಬರೀ ವೀಸಾ ಕನ್ಸಲ್ಟೆನ್ಸಿ ಅಂತಾರೆ, ಹಾಗಿದ್ರೆ ಕೆಲ್ಸ ಕೊಡಿಸ್ತೀವಿ ಅಂತ ಯಾವ ಲೆಕ್ಕದಲ್ಲಿ ಹೇಳಿದ್ರಿ ಅಂತ ಕೇಳಿ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆ ಅಡೀಲಿ ಇಂಟರ್‌ನ್ಯಾಷನಲ್ ಮೈಗ್ರೇಷನ್ ಸೆಂಟರ್ ಇದೆ, ಬೆಂಗಳೂರಿಗೆ ಒಂದು ದಿನ ಹೋಗಿ ಅಲ್ಲಿ ವಿಚಾರಿಸಿ ಬನ್ನಿ.

ಆಸ್ಪತ್ರೆಯವ್ರೇ ಭಾಷೆ ಕಲ್ಸಿ, ಟಿಕೆಟ್ ಕೊಟ್ಟು ಕರ್ಸಿಕೊಳ್ಳೋ ಪ್ರೋಗ್ರಾಮ್‌ಗಳೂ ಇವೆ, ಅವು ಒಳ್ಳೇವೇ, ನಿಮ್ಮಂಥ ಮನೆಗೆ ನಾನು ಮೊದ್ಲು ಹೇಳೋದೂ ಅದನ್ನೇ. ಅಲ್ಲೂ ನೋಡಬೇಕಾದ್ದು ಒಂದಿದೆ, ಕಾಂಟ್ರ್ಯಾಕ್ಟಲ್ಲಿ ರೀಪೇಮೆಂಟ್ ಅಂತ ಒಂದು ಕಲಂ ಇರುತ್ತೆ. ಇಷ್ಟು ವರ್ಷಕ್ಕೆ ಮುಂಚೆ ಬಿಟ್ರೆ ಇಷ್ಟು ಸಾವಿರ ಯೂರೋ ವಾಪಸ್ ಅಂತ. ವರ್ಷ ಕಳೆದ ಹಾಗೆ ಆ ಮೊತ್ತ ಇಳಿಯುತ್ತಾ, ಪರೀಕ್ಷೆ ಫೇಲಾದ್ರೂ ಕಟ್ಬೇಕಾ, ಕೋರ್ಸ್ ಅರ್ಧಕ್ಕೆ ಬಿಟ್ರೆ ಏನು, ಇದೆಲ್ಲಾ ಸಹಿಗೆ ಮುಂಚೆ ಕೇಳಿ.

ಸಂಬಳದ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ ಫ್ಯಾಮಿಲಿ ಕರ್ಕೊಳ್ಳೋ ವಿಷ್ಯ ಇದರ ಮೇಲೆನೇ ನಿಂತಿರೋದು. ವೃದ್ಧರ ಆರೈಕೆ ಕ್ಷೇತ್ರದಲ್ಲಿ 2025ರ ಜುಲೈಯಿಂದ ಕನಿಷ್ಠ ಕೂಲಿ ಸಹಾಯಕರಿಗೆ ಗಂಟೆಗೆ 16.10 ಯೂರೋ, ಮಾನ್ಯತೆ ಇರೋ ನರ್ಸ್‌ಗೆ 20.50. ಮಾನ್ಯತೆ ಬರೋ ತನಕ ನೀವು ಸಹಾಯಕಿ ಲೆಕ್ಕ. ವಾರಕ್ಕೆ 40 ಗಂಟೆ ಅಂದ್ರೆ ಮೊದಲನೇದಕ್ಕೆ ತಿಂಗ್ಳಿಗೆ 2800 ಯೂರೋ ಹತ್ರ, ಎರಡನೇದಕ್ಕೆ 3500 ಹತ್ರ, ಇದ್ರಲ್ಲಿ ತೆರಿಗೆ, ಹೆಲ್ತ್ ಇನ್ಶೂರೆನ್ಸು, ಪೆನ್ಶನ್ನು ಎಲ್ಲಾ ಹೋಗಿ ಕೈಗೆ ಬರೋದು ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು. ಏಜೆಂಟ್ ಹೇಳೋ ತಿಂಗ್ಳಿಗೆ 3 ಲಕ್ಷ ಸಂಬಳ ಈ ಕಟಿಂಗ್‌ಗೆ ಮುಂಚಿನ ಲೆಕ್ಕ, ಬಾಡಿಗೆ ಬೇರೆ.

ಮಗೂನ ಬಿಟ್ಟು ಹೋಗೋದು ಎಷ್ಟು ದಿನ ಅನ್ನೋದೇ ನಿಮ್ಮನ್ನ ಜಾಸ್ತಿ ಕೊರೀತಿರೋದು ಅಂತ ನನಗನ್ಸುತ್ತೆ. ಕಾನೂನಲ್ಲಿ ಗಂಡ ಮಗೂನ ಕರ್ಕೊಳ್ಳೋಕೆ ಅವಕಾಶ ಇದೆ, ಆದ್ರೆ ಅಷ್ಟು ಜನಕ್ಕೆ ಸಾಕಾಗೋ ಮನೆ, ಎಲ್ಲರನ್ನೂ ಸಾಕೋ ಆದಾಯ ತೋರಿಸ್ಬೇಕು, ಸಹಾಯಕಿ ಸಂಬಳದಲ್ಲಿ, ಹಾಸ್ಟೆಲ್ ರೂಮಲ್ಲಿ ಇದ್ದಾಗ ಅದು ಕಷ್ಟ. ಹಾಗಾಗಿ ಮಾನ್ಯತೆ ಬಂದು ಪೂರ್ತಿ ನರ್ಸ್ ಆಗೋ ತನಕ ಒಬ್ರೇ ಇರ್ಬೇಕಾಗುತ್ತೆ ಅಂತಾನೇ ಮನಸ್ಸಿಗೆ ಹೇಳ್ಕೊಂಡು ಹೋಗಿ, ಒಂದು ವರ್ಷ, ಕೆಲವರಿಗೆ ಅದಕ್ಕಿಂತ ಜಾಸ್ತಿ. ಇದನ್ನ ಮರೆಮಾಚಿ ಮೂರೇ ತಿಂಗ್ಳಲ್ಲಿ ಎಲ್ಲರೂ ಒಟ್ಟಿಗೆ ಅಂತ ಹೇಳೋರ ಮೇಲೆ ನನಗೆ ನಿಜವಾಗ್ಲೂ ಕೋಪ ಬರುತ್ತೆ. ಬಿ2 ಇಲ್ಲೇ ಮುಗಿಸ್ಕೊಂಡು ಹೋದವ್ರಿಗೆ ಈ ಕಾಲ ಗಣನೀಯವಾಗಿ ಕಮ್ಮಿ ಆಗುತ್ತೆ, ಮಗು ಮುಖ ನೋಡಿ ಪುಸ್ತಕ ಹಿಡೀರಿ ಅಂತ ಹೇಳೋದು ಅದಕ್ಕೇ. ನಿಮ್ಮನೆಯವ್ರು ಬಂದ್ಮೇಲೆ ಅವ್ರೂ ಕೆಲ್ಸ ಮಾಡಬಹುದು, ಪರ್ಮಿಟ್‌ನಲ್ಲಿ ಅಡ್ಡಿ ಇಲ್ಲ, ಆದ್ರೆ ಜರ್ಮನ್ ಬರ್ದೆ ಇದ್ರೆ ಗೋಡೌನು, ಕ್ಲೀನಿಂಗು ಬಿಟ್ರೆ ಬೇರೆ ಸಿಗೋದು ಕಷ್ಟ, ಹಾಗಾಗಿ ಅವ್ರೂ ಈಗ್ಲೇ ನಿಮ್ಮ ಜೊತೆ ಕೂತ್ಕೊಂಡು ಕಲೀಲಿ. ಮಗೂಗೆ ಶಿಶುವಿಹಾರದ ಸೀಟು ಅಲ್ಲಿ ಕಾನೂನಿನ ಹಕ್ಕು, ಒಂದು ವರ್ಷ ತುಂಬಿದ ಮಗುವಿನಿಂದ್ಲೇ, ಸೀಟಿಗೆ ಮಾತ್ರ ತುಂಬಾ ಊರುಗಳಲ್ಲಿ ಕಾಯಬೇಕು.

ಪರ್ಮನೆಂಟ್ ವಿಷ್ಯ. ಮಾನ್ಯತೆ ಸಿಕ್ಕಿ ಸ್ಕಿಲ್ಡ್ ವರ್ಕರ್ ಪರ್ಮಿಟ್ ಬಂದ್ಮೇಲೆ ಮೂರು ವರ್ಷ, 36 ತಿಂಗ್ಳು ಪೆನ್ಶನ್ ಕಟ್ಟಿರ್ಬೇಕು, ಬಿ1 ಇರ್ಬೇಕು, ಆಗ ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕಬಹುದು. 2024ರ ಮಾರ್ಚ್‌ಗೆ ಮುಂಚೆ ಇದು ನಾಲ್ಕು ವರ್ಷ ಇತ್ತು. ಪೌರತ್ವಕ್ಕೆ ಐದು ವರ್ಷ. ಮೂರೇ ವರ್ಷಕ್ಕೆ ಸಿಟಿಜನ್‌ಶಿಪ್ ಅಂತ ಹಳೇ ವಿಡಿಯೋಗಳಲ್ಲಿ ಹೇಳೋದು 2025ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಪೌರತ್ವ ತಗೊಂಡ್ರೆ ಜರ್ಮನಿ ಎರಡು ಪಾಸ್‌ಪೋರ್ಟ್ ಒಪ್ಪಿದ್ರೂ ಭಾರತ ಒಪ್ಪಲ್ಲ, ಇಲ್ಲಿಯ ಪಾಸ್‌ಪೋರ್ಟ್ ಸರೆಂಡರ್ ಮಾಡಿ ಓಸಿಐ ಕಾರ್ಡ್, ಅಂದ್ರೆ ಬೇರೆ ದೇಶದ ಪೌರತ್ವ ತಗೊಂಡ ಭಾರತ ಮೂಲದವ್ರಿಗೆ ಕೊಡೋ ಕಾರ್ಡ್ ತಗೋಬೇಕು. ನಿಮ್ಮಪ್ಪನಿಗೆ ಗೊತ್ತಿರ್ಬೇಕಾದ್ದು ಇದು: ಎನ್‌ಆರ್‌ಐ ಆದ್ರೂ, ಓಸಿಐ ಆದ್ರೂ, ಕೃಷಿ ಜಮೀನು ದುಡ್ಡು ಕೊಟ್ಟು ಕೊಂಡ್ಕೊಳ್ಳೋ ಹಾಗಿಲ್ಲ, ಪಿತ್ರಾರ್ಜಿತವಾಗಿ ಬಂದದ್ದು ಇಟ್ಕೋಬಹುದು. ಅಂದ್ರೆ ಈಗ ಸಾಲಕ್ಕೆ ಆ ಒಂದೂವರೆ ಎಕರೆ ಕೈಬಿಟ್ರೆ ನಾಳೆ ಯೂರೋ ದುಡಿದು ನಿಮ್ಮ ಹೆಸರಲ್ಲಿ ವಾಪಸ್ ಕೊಂಡ್ಕೊಳ್ತೀನಿ ಅನ್ನೋಕೂ ಆಗಲ್ಲ.

ನಿಮ್ಮ ಫ್ರೆಂಡ್ ಹೇಳಿದ ಯುಕೆ ಕೇರ್ ವೀಸಾ ಬಾಗ್ಲು ಮುಚ್ಚಿದೆ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್‌ಗಳನ್ನ ತಗೊಳ್ತಿಲ್ಲ. ಈಗ್ಲೂ ಯಾರಾದ್ರೂ ಅದಕ್ಕೆ ಸ್ಪಾನ್ಸರ್‌ಶಿಪ್ ಕೊಡಿಸ್ತೀವಿ 15 ಲಕ್ಷ ಕೊಡಿ ಅಂದ್ರೆ ಅದು ನೇರ ಮೋಸ, ಸ್ಪಾನ್ಸರ್‌ಶಿಪ್ ಮಾರೋದೇ ಅಲ್ಲಿ ನಿಯಮಕ್ಕೆ ವಿರುದ್ಧ. ನರ್ಸ್ ಆಗಿ ಹೋಗೋ ದಾರಿ ಇದೆ, ಇಂಗ್ಲಿಷ್ ಪರೀಕ್ಷೆ, ಎನ್‌ಎಂಸಿ ಅನ್ನೋ ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನ ಕಂಪ್ಯೂಟರ್ ಟೆಸ್ಟು, ಅಲ್ಲಿ ಹೋಗಿ ಓಸ್ಕಿ ಅನ್ನೋ ಪ್ರಾಕ್ಟಿಕಲ್ ಪರೀಕ್ಷೆ, ಆದ್ರೆ ನೇಮಕಾತಿ ಮೊದಲಿನಷ್ಟು ಇಲ್ಲ, ಪರ್ಮನೆಂಟ್‌ಗೆ ಐದು ವರ್ಷ ಇರೋದನ್ನ ಹತ್ತು ಮಾಡೋ ಪ್ರಸ್ತಾಪಾನೂ ಅಲ್ಲಿನ ಸರ್ಕಾರ ಇಟ್ಟಿದೆ. ಗಲ್ಫಲ್ಲಿ ಉಳಿತಾಯ ಚೆನ್ನಾಗಿರುತ್ತೆ, ನೆಲೆ ನಿಲ್ಲೋಕೆ ಆಗಲ್ಲ, ಅಲ್ಲಿಗೆ ನರ್ಸ್‌ಗಳನ್ನ ಕಳಿಸೋ ವಿಷ್ಯದಲ್ಲಿ 2015ರಿಂದ ಸರ್ಕಾರ ಬಿಗಿ ಮಾಡಿದೆ, ಮುಖ್ಯವಾಗಿ ಸರ್ಕಾರಿ ಏಜೆನ್ಸಿಗಳ ಮೂಲಕಾನೇ. ನಿಮ್ಮ ಗುರಿ ಮಗು ಜೊತೆ ಶಾಶ್ವತವಾಗಿ ಇರೋದು ಅಂತಾದ್ರೆ ನನ್ನ ಮಾತು ಜರ್ಮನೀನೇ, ಆದ್ರೆ ಸರಿಯಾದ ಕ್ರಮದಲ್ಲಿ.

ಕೆಲ್ಸ ಬಿಡ್ಬೇಡಿ. ಕ್ಲಾಸಿಗೆ ಸೇರೋಕೆ ರಾಜೀನಾಮೆ ಕೊಡ್ತೀನಿ ಅನ್ನೋರು ತುಂಬಾ, ಅನುಭವದಲ್ಲಿ ಗ್ಯಾಪ್ ಬೀಳುತ್ತೆ, ಮನೇಲಿ ದುಡ್ಡಿಗೂ ತೊಂದ್ರೆ ಆಗುತ್ತೆ. ಎ1 ಮೊದ್ಲು ಮುಗಿಸಿ, ಅದು ನಿಮಗೆ ಆಗುತ್ತಾ ಇಲ್ವಾ ಅಂತ ಕಮ್ಮಿ ಖರ್ಚಲ್ಲಿ ಗೊತ್ತಾಗಿಬಿಡುತ್ತೆ. ಆಗಲ್ಲ ಅನ್ಸಿದ್ರೆ ಕಳ್ಕೊಂಡಿದ್ದು ಒಂದು ಕೋರ್ಸ್ ಫೀಸು ಅಷ್ಟೇ, ತೋಟ ಅಲ್ಲ.

ಆ 25 ಸಾವಿರದ ಬಗ್ಗೆ. ಫೋನ್‌ಪೇ ಹಿಸ್ಟರಿ ಸ್ಕ್ರೀನ್‌ಶಾಟ್, ಅವ್ರು ಕಳ್ಸಿರೋ ವಾಟ್ಸಾಪ್ ಮೆಸೇಜು, ವಾಯ್ಸ್ ನೋಟು ಯಾವ್ದೂ ಡಿಲೀಟ್ ಮಾಡ್ಬೇಡಿ, ಇನ್ನೊಂದು ಫೋನಿಗೂ ಕಳ್ಸಿ ಇಟ್ಕೊಳ್ಳಿ. ನಾವು ಮುಂದುವರೀತಿಲ್ಲ, ದುಡ್ಡು ವಾಪಸ್ ಕೊಡಿ ಅಂತ ಇಮೇಲ್‌ನಲ್ಲಿ ಬರೀರಿ, ಫೋನಲ್ಲಿ ಜಗಳ ಬೇಡ. ಕೊಡ್ಲಿಲ್ಲ ಅಂದ್ರೆ ಮೊದ್ಲು ಇ-ಮೈಗ್ರೇಟಲ್ಲಿ ಅವ್ರ ಹೆಸರು ಇದ್ಯಾ ನೋಡಿ, ಇಲ್ದೆ ಇದ್ರೆ ನಿಮ್ಮ ಕೈ ಇನ್ನೂ ಗಟ್ಟಿ, ಹೊರದೇಶಕ್ಕೆ ಕೆಲ್ಸಕ್ಕೆ ಹೋಗೋರ ರಕ್ಷಣೆ ನೋಡ್ಕೊಳ್ಳೋ ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಆಫೀಸಿಗೂ ಪೊಲೀಸ್ ಸ್ಟೇಷನ್ನಿಗೂ ದೂರು ಕೊಡಿ. ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಟೋಲ್ ಫ್ರೀ 1800 11 3090, ಅಲ್ಲಿ ಕೇಳಿದ್ರೆ ದಾರಿ ಹೇಳ್ತಾರೆ. ಮುಂದೆ ಬಿ1 ಪಾಸಾಗಿ ಯಾವ್ದಾದ್ರೂ ಆಸ್ಪತ್ರೆಯಿಂದ ಕಾಂಟ್ರ್ಯಾಕ್ಟ್ ಬಂದಾಗ ಸಹಿ ಹಾಕೋ ಮುಂಚೆ ಮತ್ತೆ ಬರೀರಿ, ಸಂಬಳದ ಪುಟ, ರೀಪೇಮೆಂಟ್ ಪುಟ ಎರಡೂ ಫೋಟೋ ತೆಗ್ದು ಕಳ್ಸಿ, ನೋಡಿ ಹೇಳ್ತೀನಿ.